ಮೊದಲು ಗೋಡೆ ಅಳೆಯಿರಿ, ಎಸಿ ಆಮೇಲೆ

ಹೋಂಸ್ಟೇ ಕೋಣೆಗೆ ಎಸಿ ಹಾಕಿಸುವ ಮಾತು ಬಂದರೆ ಕೊಡಗಿನಲ್ಲಿ ಮೊದಲು ಏಳುವ ಪ್ರಶ್ನೆ ‘ಒಂದು ಟನ್ನೋ, ಒಂದೂವರೆಯೋ?’ ಅದಕ್ಕೂ ಮೊದಲು ಗೊತ್ತಾಗಬೇಕಾದದ್ದು ಗೋಡೆಯ ದಪ್ಪ. ಸ್ಪ್ಲಿಟ್ ಎಸಿಗಾದರೆ ಪೈಪು ಹಾಯುವಷ್ಟು ತೂತು ಸಾಕು. ಗೋಡೆಯೊಳಗೇ ಕೂರುವ ಯಂತ್ರ ಒಂದು ಪೆಟ್ಟಿಗೆ. ಅದರ ಅರ್ಧ ಮೈ ಒಳಗೆ, ಅರ್ಧ ಹೊರಗೆ. ಆದರೂ ಇದನ್ನು ಆರಿಸಲು ಒಳ್ಳೆಯ ಕಾರಣವಿದೆ: ತಾಮ್ರದ ಪೈಪು ಎಳೆದು ಗ್ಯಾಸ್ ತುಂಬುವ ಕೆಲಸ ಮನೆಯಲ್ಲಿ ನಡೆಯಬೇಕಿಲ್ಲ. ಕೆಟ್ಟರೆ ಇಬ್ಬರು ಸೇರಿ ಎಳೆದು ಜೀಪಿಗೆ ಹಾಕಿ ರಿಪೇರಿಗೆ ಒಯ್ಯಬಹುದು. ಮೆಕ್ಯಾನಿಕ್ ಘಾಟಿ ಹತ್ತಿ ಬರಲಿ ಎಂದು ಕಾಯುವುದು ತಪ್ಪುತ್ತದೆ.

ಈಗ ಗೋಡೆ. 15 ಅಥವಾ 20 ಸೆಂ.ಮೀ. ಕಾಂಕ್ರೀಟ್ ಬ್ಲಾಕ್‌ನ ಗೋಡೆ, ಎರಡೂ ಬದಿಯ ಗಾರೆ ಸೇರಿದರೆ 18ರಿಂದ 23 ಸೆಂ.ಮೀ. ಆಗುತ್ತದೆ. ಮುರಕಲ್ಲಿನದು (ಕೆಂಪು ಜಂಬಿಟ್ಟಿಗೆಯದು) ಇನ್ನಷ್ಟು ದಪ್ಪ. ಹಳೆಯ ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಮಣ್ಣಿನ ಗೋಡೆಗೆ ಯಂತ್ರಕ್ಕಾಗಿ ಕೈ ಹಾಕಲೇಬೇಡಿ. ತೂತಿನ ಅಂಚು ಉದುರುತ್ತಲೇ ಇರುತ್ತದೆ, ತೂತಿನ ಮೇಲಿನ ಭಾರ ಹೊರುವ ತೊಲೆ (ಲಿಂಟೆಲ್) ಕೂರಿಸಲು ಗಟ್ಟಿ ನೆಲೆಯೂ ಸಿಗುವುದಿಲ್ಲ.

ದಪ್ಪ ಇಷ್ಟು ಮುಖ್ಯ ಏಕೆಂದರೆ ನಮ್ಮ ಅಂಗಡಿಗಳಲ್ಲಿ ಸಿಗುವುದು ವಿಂಡೋ ಎಸಿ, ಅದು ಉಸಿರೆಳೆಯುವುದು ಪಕ್ಕದ ಸೀಳುಗಳಿಂದ. ಹಿಂಭಾಗದಿಂದ ಬಿಸಿಗಾಳಿ ಬಿಡುತ್ತದೆ. ಸೀಳುಗಳು ಗೋಡೆಯೊಳಗೆ ಹೂತುಹೋದರೆ ಬಿಸಿಯನ್ನು ಹೊರಹಾಕುವ ಕಂಡೆನ್ಸರ್‌ಗೆ ಗಾಳಿಯಿಲ್ಲ, ಒತ್ತಡ ಏರುತ್ತದೆ, ಆಗಾಗ ಕಂಪ್ರೆಸರ್ ಓವರ್‌ಲೋಡ್‌ನಿಂದ ನಿಲ್ಲುತ್ತದೆ. ‘ಯಂತ್ರ ಹಾಳು’ ಎಂದು ಬದಲಿಸಿದರೆ ಹೊಸದೂ ಹಾಗೇ ನಿಲ್ಲುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಟೇಪು ಹಿಡಿದು ಮುಂಭಾಗದ ಚೌಕಟ್ಟಿನಿಂದ ಮೊದಲ ಸೀಳಿನವರೆಗೆ ಅಳೆಯಿರಿ. ಗೋಡೆ ಅದಕ್ಕಿಂತ ದಪ್ಪವಿದ್ದರೆ ಹೊರಬದಿಯ ಅಂಚನ್ನು ಎರಡೂ ಕಡೆ 45 ಡಿಗ್ರಿ ಓರೆಯಾಗಿ ಕೊಯ್ಯಬೇಕು, ಇಲ್ಲವೇ ಬ್ರಾಕೆಟ್ ಮೇಲೆ ಯಂತ್ರವನ್ನು ಹೊರಗೆ ಸರಿಸಬೇಕು.

ನಿಜವಾಗಿ ಗೋಡೆಗೆಂದೇ ಮಾಡಿದ ಯಂತ್ರಕ್ಕೆ ಪಕ್ಕದ ಸೀಳು ಇಲ್ಲ. ಹಿಂಬದಿಯ ಒಂದು ಭಾಗದಿಂದ ಎಳೆದು ಇನ್ನೊಂದು ಭಾಗದಿಂದ ಬಿಡುತ್ತದೆ. ಇದರ ಪ್ರಾಣ ಇರುವುದು ಸ್ಲೀವ್‌ನೊಳಗಿನ (ತೂತಿನಲ್ಲಿ ಕೂರಿಸುವ, ಯಂತ್ರವನ್ನು ಹಿಡಿಯುವ ಕವಚದೊಳಗಿನ) ಅಡ್ಡ ತಗಡು ಮತ್ತು ಫೋಮ್ ಪಟ್ಟಿಯಲ್ಲಿ. ಹಳೆಯ ಸ್ಲೀವ್‌ಗೆ ಬೇರೆ ಕಂಪನಿಯ ಯಂತ್ರ ತಳ್ಳುವಾಗ ಆ ಪಟ್ಟಿ ಕಿತ್ತುಹೋದರೆ ತಾನು ಬಿಟ್ಟ ಬಿಸಿಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಹೊರಗಿನ ಜಾಲರಿ ಚೆಂದಕ್ಕೆಂದು ಒತ್ತೊತ್ತಾಗಿದ್ದರೂ ಇದೇ ಗತಿ. ಜಾಲರಿಯ ಮೂರರಲ್ಲಿ ಎರಡು ಪಾಲಾದರೂ ಬಯಲಿರಲಿ.

‘ನಮ್ಮ ತೂತಿಗೆ ಸರಿಯಾದ ಎಸಿ ಮಾಡಿಸಿಕೊಡಿ’ ಎಂಬ ಬೇಡಿಕೆಗೆ ನಮ್ಮ ಉತ್ತರ ಬೇಡವೆಂದೇ. ಅಮೆರಿಕದ ಹೋಟೆಲ್ ಯಂತ್ರಗಳಿಗೆ 42 × 16 ಇಂಚಿನ ಸ್ಲೀವ್ ರೂಢಿಯಾಗಿದೆ. ಒಂದು ಕೆಟ್ಟರೆ ಇನ್ನೊಂದು ಅದೇ ಜಾಗಕ್ಕೆ ಬರುತ್ತದೆ. ಇಲ್ಲಿ ಒಂದೂವರೆ ಟನ್ನಿನ ವಿಂಡೋ ಎಸಿ ಸುಮಾರು 66 ಸೆಂ.ಮೀ. ಅಗಲ, 43 ಎತ್ತರ. ಒಂದು ಟನ್ನಿನದು 60 × 38ರ ಆಸುಪಾಸು. ಮಾದರಿ ಬದಲಾದಂತೆ ಒಂದೆರಡು ಸೆಂ.ಮೀ. ಆಚೀಚೆ. ಆದ್ದರಿಂದ ಅಳತೆಗೆ ಮಾಡಿಸುವುದಿದ್ದರೆ ಸ್ಲೀವ್ ಮಾಡಿಸಿ. ತೂತು 72 × 50 ಸೆಂ.ಮೀ. ಇರಲಿ, ಉಳಿದ ಜಾಗಕ್ಕೆ ಶಾಖನಿರೋಧಕ ತುಂಬಿದ ಪ್ಯಾನೆಲ್ ಕೂರಿಸಿ. ಹತ್ತು ವರ್ಷದ ಮೇಲೆ ಯಂತ್ರ ಬದಲಾದರೆ ಪ್ಯಾನೆಲ್ ಮಾತ್ರ ಬದಲಾಗುತ್ತದೆ, ಗೋಡೆ ಒಡೆಯಬೇಕಿಲ್ಲ.

ಅಗಲವನ್ನೂ ಎತ್ತರವನ್ನೂ ಮೂರು ಕಡೆ ಅಳೆದು ಅತಿ ಚಿಕ್ಕದನ್ನು ಹಿಡಿಯಿರಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ನೋಡಿ, 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೇಸ್ತ್ರಿಯನ್ನು ಮತ್ತೆ ಕರೆಯಿರಿ. ಸ್ಲೀವ್ ತೂತಿಗಿಂತ 12 ಮಿ.ಮೀ. ಚಿಕ್ಕದಿರಲಿ. ಆ ಸಂದಿಗೆ ಸಿಮೆಂಟ್ ಮೆತ್ತುವುದು ಇಲ್ಲಿನ ಸಾಮಾನ್ಯ ತಪ್ಪು. ಯಂತ್ರ ನಡುಗುತ್ತಿದ್ದಂತೆ ಅದು ಬಿರುಕು ಬಿಟ್ಟು, ಮಳೆನೀರು ಒಳಹೊಕ್ಕು ತಗಡು ತುಕ್ಕು ಹಿಡಿಯುತ್ತದೆ. ಒಳಗೆ ಫೋಮ್, ಹೊರ ಅಂಚಿಗೆ ಸೀಲಂಟ್ ಸಾಕು. ಮೇಲಿನ ಲಿಂಟೆಲ್ ಎರಡೂ ಕಡೆ 15 ಸೆಂ.ಮೀ. ಗೋಡೆಯ ಮೇಲೆ ಕೂತಿರಬೇಕು. ಯಂತ್ರದ ಭಾರ 50 ಕೆ.ಜಿ. ದಾಟಬಹುದಾದ್ದರಿಂದ ಹೊರಗಿನ ಬ್ರಾಕೆಟ್ ಬಿಡುವಂತಿಲ್ಲ. ಹೊರಕ್ಕೆ 6ರಿಂದ 10 ಮಿ.ಮೀ. ಇಳಿಜಾರು ಕೊಡಿ. ಕೆಲವು ಯಂತ್ರಗಳ ಫ್ಯಾನಿಗೆ ನೀರೆರಚುವ ಬಳೆ ಇರುತ್ತದೆ, ತಳದಲ್ಲಿ ನಿಂತ ನೀರನ್ನೇ ಕಾಯಿಲ್ ಮೇಲೆ ಚಿಮ್ಮಿ ತಂಪು ಮಾಡುತ್ತದೆ. ಅಂಥದರ ತಳಕ್ಕೆ ಡ್ರಿಲ್ ಹಾಕಬೇಡಿ.

ಮುಂಗಾರು ಬೀಸುವುದು ನೈಋತ್ಯ, ಪಶ್ಚಿಮದಿಂದ. ಮಡಿಕೇರಿ, ಭಾಗಮಂಡಲದ ಕಡೆ ಮಳೆ ಮೇಲಿಂದ ಬೀಳುವುದಕ್ಕಿಂತ ಅಡ್ಡ ಹೊಡೆಯುವುದೇ ಹೆಚ್ಚು. ಸಾಧ್ಯವಿದ್ದಷ್ಟು ಪೂರ್ವ ಅಥವಾ ಉತ್ತರದ ಗೋಡೆ ಹಿಡಿಯಿರಿ. ಚಜ್ಜಾ ಯಂತ್ರದ ಹಿಂಭಾಗಕ್ಕಿಂತ 30 ಸೆಂ.ಮೀ. ಮುಂದೆ ಚಾಚಲಿ. ಮಳೆಗೆ ಹೆದರಿ ಸುತ್ತ ತಗಡಿನ ಡಬ್ಬಿ ಕಟ್ಟಿದರೆ ಮತ್ತೆ ಅದೇ ಬಿಸಿಗಾಳಿಯ ಸುತ್ತು.

ಟನ್ನಿನ ಲೆಕ್ಕ ಚಿಕ್ಕದು. 12 × 14 ಅಡಿ ಕೋಣೆಗೆ ಮಡಿಕೇರಿಯಲ್ಲಿ ಒಂದು ಟನ್ ಧಾರಾಳ. ಕುಶಾಲನಗರದ ಬಯಲುಸೀಮೆಯ ಅಂಚಿನಲ್ಲಿ, ಬಿಸಿಲು ಬೀಳುವ ತಾರಸಿಯ ಕೆಳಗಿದ್ದರೆ ಒಂದೂವರೆ. ದೊಡ್ಡದು ಹಾಕಿದರೆ ಬೇಗ ತಣಿಸಿ ಬೇಗ ನಿಲ್ಲುತ್ತದೆ, ತೇವ ಹಾಗೇ ಉಳಿದು ಹಾಸಿಗೆ ಜಿಬುಜಿಬು. ಮಂಗಳೂರು ಹೆಂಚಿನ ಕೋಣೆಗೆ ಒಳಸೀಲಿಂಗ್ ಇಲ್ಲದಿದ್ದರೆ ಯಾವ ಟನ್ನೂ ಸಾಲದು. ಮೊದಲು ಮರದ ಹಲಗೆ ಹೊಡೆಸಿ.

ಇನ್ನೊಂದು ತಪ್ಪು ಮಳೆಗಾಲದ್ದು. ಕಕ್ಕಡದಲ್ಲಿ (ಜುಲೈ–ಆಗಸ್ಟಿನ ಜೋರು ಮಳೆಯ ತಿಂಗಳು) ಬಟ್ಟೆಗೆ ಬೂಷ್ಟು ಹಿಡಿಯುತ್ತದೆಂದು ಎಸಿ ಹಚ್ಚುತ್ತಾರೆ. ಹೊರಗೆ 18 ಡಿಗ್ರಿ ಇರುವಾಗ ಸಾಮಾನ್ಯ ವಿಂಡೋ ಎಸಿಯ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಬಹುದು, ಅದು ಕರಗಿ ಗೋಡೆಗೆ ಇಳಿಯುತ್ತದೆ. ಯಂತ್ರ ಕೆಲಸ ಮಾಡುವ ಕನಿಷ್ಠ ಹೊರ ತಾಪಮಾನ ಕೈಪಿಡಿಯಲ್ಲಿ ಇರುತ್ತದೆ, ಓದಿ. ತೇವಕ್ಕೆ ಪ್ರತ್ಯೇಕ ಡಿಹ್ಯೂಮಿಡಿಫೈಯರ್ ಕೊಳ್ಳುವುದು ಅಗ್ಗ.

ಒಂದೂವರೆ ಟನ್ನಿಗೆ 4 ಚದರ ಮಿ.ಮೀ. ತಾಮ್ರದ ತಂತಿ, 20 ಆಂಪಿಯರ್ ಸಿ-ಕರ್ವ್ ಎಂಸಿಬಿ (ಮೋಟಾರು ಹೊರೆಗೆ ತಕ್ಕ, ತಾನೇ ಬೀಳುವ ಸ್ವಿಚ್) ಹಾಕಿ ನೇರ ಬೋರ್ಡಿನಿಂದ ಲೈನ್ ತನ್ನಿ. ತೋಟದ ನಡುವಿನ ಮನೆಗೆ ಸಂಜೆ ವೋಲ್ಟೇಜ್ ಕುಸಿಯುವುದಾದರೆ ಸ್ಟೆಬಿಲೈಸರ್ ಕೂಡ ಬೇಕು. ಮಳೆಗಾಲ ಮುಗಿದು ಮಾರ್ಚಿನಲ್ಲಿ ಮೊದಲ ಬಾರಿ ಹಚ್ಚುವ ಮುನ್ನ ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಹಿಂಭಾಗ ನೋಡಿ. ಕಣಜದ ಗೂಡು, ಇಲಿ ಕಡಿದ ತಂತಿ ಎರಡೂ ಸಾಮಾನ್ಯ. 12 ಮಿ.ಮೀ. ಕಣ್ಣಿನ ಜಿಐ (ಸತು ಲೇಪಿತ ಕಬ್ಬಿಣದ) ಬಲೆ ದೊಡ್ಡ ಇಲಿಯನ್ನು ತಡೆಯುತ್ತದೆ. ಕಣಜಕ್ಕೆಂದು ಸೊಳ್ಳೆ ಪರದೆ ಕಟ್ಟಿದರೆ ಒಂದೇ ತಿಂಗಳಲ್ಲಿ ಧೂಳು ಕಟ್ಟಿ ಗಾಳಿಯೇ ನಿಲ್ಲುತ್ತದೆ.