ಉಗುಳಲಾಗದ, ನುಂಗಲಾಗದ ಬಿಸಿತುಪ್ಪ: ಶಿಕಾಗೋ ವಿಶ್ವವಿದ್ಯಾಲಯ ಫುಟ್‌ಬಾಲ್ ಬಿಟ್ಟ ಕತೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದುಡ್ಡಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಶಿಕಾಗೋ ವಿಶ್ವವಿದ್ಯಾಲಯದ ಹೆಸರು ತೆಗೆಯುತ್ತಾರೆ. ಆಟಗಾರರು ತಮ್ಮ ಹೆಸರು, ಫೋಟೋದಿಂದ ಸಂಪಾದಿಸಬಹುದು ಅಂತ 2021ರಲ್ಲಿ ಒಪ್ಪಿಗೆ ಸಿಕ್ಕಿತು. 2025ರಲ್ಲಿ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡುವುದಕ್ಕೂ ದಾರಿ ತೆರೆಯಿತು. ಇದೆಲ್ಲ ಅತಿಯಾಯಿತು ಅನ್ನುವವರಿಗೆ 1939ರ ಶಿಕಾಗೋ ಒಂದು ಆದರ್ಶ. ಆಟ ಇಲ್ಲದ ಕಾಲೇಜು ಎಂಥ ಕಾಲೇಜು ಅನ್ನುವವರಿಗೆ ಅದೇ ಒಂದು ಎಚ್ಚರಿಕೆ.

ಎರಡೂ ಕಡೆಯವರು ಹೇಳುವ ಕತೆ ಮಾತ್ರ ಒಂದೇ. ಪುಸ್ತಕದ ಹುಚ್ಚಿನ ಒಬ್ಬ ವಿಶ್ವವಿದ್ಯಾಲಯದ ಅಧ್ಯಕ್ಷ ಒಂದು ದಿನ ಎದ್ದು ಫುಟ್‌ಬಾಲ್ ನಿಲ್ಲಿಸಿದ. ಖಾಲಿ ಬಿದ್ದ ಗ್ಯಾಲರಿಯ ಕೆಳಗೆ ಅಣುಬಾಂಬು ಹುಟ್ಟಿತು. ಕೇಳೋದಕ್ಕೆ ಚೆನ್ನಾಗಿದೆ. ಆದರೆ ನಡೆದಿದ್ದು ಇಷ್ಟು ನೇರವಾಗಿ ಇಲ್ಲ.

ಮೊದಲು ಒಂದು ಮಾತು. ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಓಡುವವನನ್ನು ಮೈಮೇಲೆ ಬಿದ್ದು ಕೆಡವುವ ಆಟ. ಎದುರಾಳಿಯ ಕೊನೆಯ ಗೆರೆ ದಾಟಿದರೆ ದೊಡ್ಡ ಅಂಕ. ಚೆಂಡು ಹಿಡಿದವನು ತನ್ನದೇ ಗೆರೆಯ ಹಿಂದೆ ಸಿಕ್ಕಿಬಿದ್ದರೆ ಎದುರಾಳಿಗೆ 2 ಅಂಕ. ಈ 2 ಅಂಕ ನೆನಪಿರಲಿ.

ವಿವೇಕಾನಂದರ ಭಾಷಣದಿಂದಾಗಿ 1893ರ ಶಿಕಾಗೋ ನಮಗೆ ಗೊತ್ತು. ಆ ಸಮ್ಮೇಳನ ನಡೆದದ್ದು ಒಂದು ದೊಡ್ಡ ವಿಶ್ವಮೇಳದ ಭಾಗವಾಗಿ. ಮೇಳದ ತಮಾಷೆ, ತಿಂಡಿ, ಜಯಂಟ್ ವೀಲ್ ಎಲ್ಲ ಇದ್ದ ಉದ್ದನೆಯ ಬಯಲಿಗೆ ಮಿಡ್‌ವೇ ಅಂತ ಹೆಸರು. ಅದರ ಮಗ್ಗುಲಲ್ಲೇ ರಾಕ್‌ಫೆಲರ್ ದುಡ್ಡಿನಲ್ಲಿ ಎದ್ದ ಹೊಸ ವಿಶ್ವವಿದ್ಯಾಲಯ. 1892ರಲ್ಲಿ ಅಲ್ಲಿ ಪಾಠ ಶುರುವಾಗಿತ್ತು. ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಮೂಲತಃ ಹೀಬ್ರೂ ಭಾಷೆಯ ಮೇಷ್ಟ್ರು. ಊರಿಗೆ ಹೊಸಬರಾದ ನಮ್ಮ ಹೆಸರು ಜನರ ಬಾಯಲ್ಲಿ ಬೇಗ ಓಡಾಡಬೇಕಾದರೆ ಏನು ಮಾಡಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಯೇಲ್‌ನಲ್ಲಿ ತಮ್ಮ ಶಿಷ್ಯರಾಗಿದ್ದ ಏಮಸ್ ಅಲೊಂಜೊ ಸ್ಟ್ಯಾಗ್ ಅವರನ್ನು ಕರೆಸಿ, ಪ್ರಾಧ್ಯಾಪಕರ ದರ್ಜೆಯ ಹುದ್ದೆ ಕೊಟ್ಟು, ಟೀಮ್ ಕಟ್ಟಿ ಅಂದರು. ಮೊದಲ ವರ್ಷ ಹುಡುಗರೇ ಸಾಲದೆ ಕೋಚ್ ಸ್ಟ್ಯಾಗ್ ತಾವೂ ಮೈದಾನಕ್ಕಿಳಿದು ಆಡಿದರು.

ಅಂದರೆ ಈ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಮೇಲೆ ಬಂದು ಸೇರಿಕೊಂಡ ಚಟ ಅಲ್ಲ. ಗ್ರೀಕ್ ಪಾಠದ ಜೊತೆಗೇ ಬಂದದ್ದು. ಈಗ ಬಿಗ್ ಟೆನ್ ಅಂತ ಕರೆಯುವ ಕೂಟವನ್ನು ಶುರುವಿನಲ್ಲಿ ಕಟ್ಟಿದ ಏಳು ವಿಶ್ವವಿದ್ಯಾಲಯಗಳಲ್ಲಿ ಶಿಕಾಗೋ ಕೂಡ ಒಂದು. ಆ ಕೂಟದ ಪಟ್ಟ ಏಳು ಸಲ ಇವರಿಗೇ ಬಂತು, ಕೊನೆಯದು 1924ರಲ್ಲಿ.

ಆ ಕಾಲದ ಒಂದೇ ಒಂದು ಪಂದ್ಯ ಹೇಳಿ ಮುಂದೆ ಹೋಗುತ್ತೇನೆ. 1905ರ ನವೆಂಬರ್ 30, ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಎದುರಿಗೆ ಮಿಷಿಗನ್. 56 ಪಂದ್ಯಗಳಿಂದ ಸೋಲೇ ಕಾಣದ ಟೀಮ್. ಆಟದ ಬಹುಪಾಲು ಸಮಯ 0–0. ಕಡೆಗೆ ಶಿಕಾಗೋದ ವಾಲ್ಟರ್ ಎಕರ್ಸಾಲ್ ಎತ್ತಿ ಒದ್ದ ಚೆಂಡು ಮಿಷಿಗನ್ ಗೆರೆಯ ಹಿಂದಕ್ಕೆ ಹೋಗಿ ಬಿತ್ತು. ಅಲ್ಲಿದ್ದ ಹುಡುಗ ಚೆಂಡನ್ನು ಅಲ್ಲೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಎತ್ತಿಕೊಂಡು ಓಡಿದ. ಗೆರೆ ದಾಟುವಷ್ಟರಲ್ಲಿ ಶಿಕಾಗೋದವರು ಹಿಂದಕ್ಕೆ ತಳ್ಳಿ ಕೆಡವಿದರು. 2–0. ಪಂದ್ಯ ಅಷ್ಟಕ್ಕೇ ಮುಗಿಯಿತು.

ಎಕರ್ಸಾಲ್ ಊರಿಗೆಲ್ಲ ಹೀರೋ. ಆದರೆ ಪದವಿ ಪಡೆಯದೆಯೇ ವಿಶ್ವವಿದ್ಯಾಲಯದಿಂದ ಹೊರಬಿದ್ದರು. ಆಟಗಾರರ ಓದು ಬರೀ ನಾಮಕಾವಾಸ್ತೆ ಅಂತ ಪತ್ರಿಕೆಗಳು ಬರೆಯಲು ಶುರುಮಾಡಿದ್ದೂ ಅದೇ 1905ರಲ್ಲಿ. ಅದೇ ವರ್ಷ ದೇಶದ ಬೇರೆ ಬೇರೆ ಮೈದಾನಗಳಲ್ಲಿ ಹುಡುಗರು ಪೆಟ್ಟು ತಿಂದು ಸತ್ತರು. ಅಮೆರಿಕದ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಮಾತಾಡಬೇಕಾಯಿತು. ಮರುವರ್ಷ ಈ ಕೂಟ ಪಂದ್ಯಗಳನ್ನು ಐದಕ್ಕೆ ಇಳಿಸಿತು, ಮೊದಲ ವರ್ಷದ ವಿದ್ಯಾರ್ಥಿಗಳು ಆಡುವ ಹಾಗಿಲ್ಲ ಅಂದಿತು. ಕೆಲವು ವರ್ಷ ಬಿಗಿ, ಆಮೇಲೆ ಮತ್ತೆ ಸಡಿಲ. 1920ರ ದಶಕದ ಹೊತ್ತಿಗೆ ಸ್ಟ್ಯಾಗ್ ಹೆಸರನ್ನೇ ಇಟ್ಟಿದ್ದ ಮೈದಾನದಲ್ಲಿ ಸುಮಾರು 50 ಸಾವಿರ ಜನ ಕೂರುತ್ತಿದ್ದರು. 1922ರಲ್ಲಿ ಪ್ರಿನ್ಸ್‌ಟನ್ ವಿರುದ್ಧದ ಪಂದ್ಯವನ್ನು ದೂರದ ನ್ಯೂಯಾರ್ಕಿನ ಜನ ರೇಡಿಯೋದಲ್ಲಿ ಕೇಳಿದರು.

1929ರಲ್ಲಿ ರಾಬರ್ಟ್ ಮೇನಾರ್ಡ್ ಹಚಿನ್ಸ್ ಅಧ್ಯಕ್ಷರಾಗಿ ಬಂದರು. ವಯಸ್ಸು ಬರೀ 30. ಅವರು ಬಂದ ತಕ್ಷಣ ಫುಟ್‌ಬಾಲ್ ಮೇಲೆ ಕತ್ತಿ ಬೀಸಲಿಲ್ಲ. ಕೈ ಹಾಕಿದ್ದು ಪಾಠದ ಕ್ರಮಕ್ಕೆ. 1931ರಿಂದ ಹೊಸ ಪದ್ಧತಿ: ಮೊದಲ ಎರಡು ವರ್ಷ ಎಲ್ಲರೂ ವಿಜ್ಞಾನ, ಇತಿಹಾಸ, ಸಾಹಿತ್ಯ ಎಲ್ಲ ಓದಬೇಕು. ಹಾಜರಿಯ ಒತ್ತಾಯ ಇಲ್ಲ. ಆದರೆ ಕೊನೆಯ ಪರೀಕ್ಷೆ ದೊಡ್ಡದು, ಕಷ್ಟದ್ದು. ನೆರೆಯ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ದೈಹಿಕ ಶಿಕ್ಷಣ, ಕೃಷಿ ಅಂತ ಆಟಗಾರರು ಸೇರಿಕೊಳ್ಳಬಹುದಾದ ಕೋರ್ಸುಗಳಿದ್ದವು. ಇಲ್ಲಿ ಅಂಥ ಪಕ್ಕದ ಬಾಗಿಲು ಇರಲಿಲ್ಲ. ಆಡುವ ಹುಡುಗರು ತಾವಾಗಿಯೇ ಬೇರೆ ಕಡೆ ಹೋದರು. ಯಾರೂ ಅವರಿಗೆ ಬರಬೇಡಿ ಅನ್ನಲಿಲ್ಲ.

ಆಮೇಲೆ ಸ್ಟ್ಯಾಗ್ ಸರದಿ. 70 ತುಂಬಿದವರು ನಿವೃತ್ತಿ ಆಗಬೇಕು ಅನ್ನೋ ನಿಯಮ. 41 ವರ್ಷ ಟೀಮ್ ನಡೆಸಿದವರಿಗೆ ವಿನಾಯಿತಿ ಸಿಗಲಿಲ್ಲ. 1932ರ ಋತುವೇ ಕೊನೆ. ಅವರಿಗೆ ಬೇರೊಂದು ಕುರ್ಚಿ ತೋರಿಸಿದರು. ಮುದುಕರು ಕೂರಲಿಲ್ಲ. ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದಿ ಪೆಸಿಫಿಕ್‌ಗೆ ಕೋಚ್ ಆಗಿ ಹೊರಟೇಬಿಟ್ಟರು.

ಇಲ್ಲಿಂದ 1939ರವರೆಗಿನ ಏಳು ವರ್ಷಗಳೇ ನನಗೆ ಈ ಕತೆಯ ಅಸಲಿ ಭಾಗ. ಸುಮ್ನೆ ಎಲ್ಲರೂ ದಾಟಿಕೊಂಡು ಹೋಗುವ ಭಾಗವೂ ಇದೇ. ಟೀಮನ್ನು ಸಾಕಲೂ ಇಲ್ಲ, ಮುಚ್ಚಲೂ ಇಲ್ಲ. ಆರ್ಥಿಕ ಕುಸಿತದಲ್ಲಿ ಟಿಕೆಟ್ ದುಡ್ಡು ಇಳಿಯಿತು. ಅದೇ ಊರಲ್ಲಿ ವೃತ್ತಿಪರ ಟೀಮ್‌ಗಳಾದ ಬೇರ್ಸ್ ಮತ್ತು ಕಾರ್ಡಿನಲ್ಸ್ ಆಡುತ್ತಿದ್ದವು. ಪಕ್ಕದಲ್ಲೇ ನಾರ್ತ್‌ವೆಸ್ಟರ್ನ್ ಇತ್ತು. ಶನಿವಾರ ಮಧ್ಯಾಹ್ನ ಸೋಲು ನೋಡೋದಕ್ಕೆ ದುಡ್ಡು ಕೊಟ್ಟು ಯಾರು ಬರುತ್ತಾರೆ?

ಈ ಒಣಗಿದ ನೆಲದಲ್ಲೂ ಒಂದು ಮರ ಎದ್ದಿತು. ಜೇ ಬರ್ವ್ಯಾಂಗರ್. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಮೊಟ್ಟಮೊದಲು, 1935ರಲ್ಲಿ, ಸಿಕ್ಕಿದ್ದು ಇವರಿಗೇ. ಆಗ ಅದಕ್ಕೆ ಆ ಹೆಸರು ಕೂಡ ಬಿದ್ದಿರಲಿಲ್ಲ. ವೃತ್ತಿಪರ ಲೀಗ್ 1936ರಲ್ಲಿ ಮೊದಲ ಸಲ ಆಟಗಾರರನ್ನು ಆರಿಸಿದಾಗ ಮೊದಲು ಕೂಗಿದ ಹೆಸರೂ ಇವರದ್ದೇ. ಕೇಳಿದಷ್ಟು ದುಡ್ಡು ಬರಲಿಲ್ಲ, ಇವರು ಆಡಲೂ ಇಲ್ಲ. ಟ್ರೋಫಿ ಬಹಳ ಕಾಲ ನೆಂಟರ ಮನೆಯಲ್ಲಿ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಡುವ ವಸ್ತುವಾಗಿತ್ತು. ಮುಂದೆ ಅಮೆರಿಕದ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಮಿಷಿಗನ್ ಪರ ಆಡುತ್ತಿದ್ದಾಗ ಇವರನ್ನು ಕೆಡವಲು ಹೋಗಿ ಮುಖಕ್ಕೆ ಪೆಟ್ಟು ಮಾಡಿಕೊಂಡರು. ಆ ಗಾಯದ ಕಲೆ ಕೊನೆವರೆಗೂ ಉಳಿಯಿತು. ಇಷ್ಟೆಲ್ಲ ಇದ್ದೂ ಬರ್ವ್ಯಾಂಗರ್ ಆಡಿದ ಮೂರು ವರ್ಷಗಳಲ್ಲಿ ಶಿಕಾಗೋ ಒಮ್ಮೆಯೂ ಪಟ್ಟದ ಹತ್ತಿರ ಹೋಗಲಿಲ್ಲ.

1938ರ ನವೆಂಬರ್‌ನಲ್ಲಿ 76 ವರ್ಷದ ಸ್ಟ್ಯಾಗ್ ತಮ್ಮ ಪೆಸಿಫಿಕ್ ಹುಡುಗರನ್ನು ಕಟ್ಟಿಕೊಂಡು ಹಳೆಯ ಮೈದಾನಕ್ಕೆ ಬಂದರು. ತಮ್ಮದೇ ಹೆಸರಿನ ಮೈದಾನ. ತಾವೇ ಹುಟ್ಟಿಸಿದ ಟೀಮ್ ಎದುರಿಗೆ. ಗೆದ್ದರು, 32–0.

ಮುಂದಿನ ತಿಂಗಳು ಹಚಿನ್ಸ್ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಕಾಲೇಜು ಫುಟ್‌ಬಾಲ್‌ನ ದುಡ್ಡಿನ ಬಗ್ಗೆ ಲೇಖನ ಬರೆದರು. ಅದರಲ್ಲಿ ಆಟ ಮುಚ್ಚಿ ಅಂತ ಇರಲಿಲ್ಲ. ಟಿಕೆಟ್ ದರ 10 ಸೆಂಟ್‌ಗೆ ಇಳಿಸಿ, ದುಡ್ಡು ಹೋದರೆ ರೋಗವೂ ಹೋಗುತ್ತದೆ ಅನ್ನೋ ವಾದ. ಈ ಲೇಖನ ಓದಿದವರಿಗಿಂತ ಅದರ ಬಗ್ಗೆ ಮಾತಾಡಿದವರೇ ಜಾಸ್ತಿ ಇರಬೇಕು.

ಆಮೇಲೆ 1939. ಮೊದಲ ಪಂದ್ಯದಲ್ಲೇ ಬೆಲಾಯ್ಟ್ ಎಂಬ ಚಿಕ್ಕ ಕಾಲೇಜಿನ ಕೈಲಿ 6–0 ಸೋಲು. ವಾಬಾಷ್, ಓಬರ್ಲಿನ್ ಎಂಬ ಅಷ್ಟೇ ಚಿಕ್ಕ ಕಾಲೇಜುಗಳ ಮೇಲೆ ಎರಡು ಗೆಲುವು. ದೊಡ್ಡವರ ಎದುರು ಲೆಕ್ಕ ಹೀಗೆ: ಹಾರ್ವರ್ಡ್ 61–0, ಮಿಷಿಗನ್ 85–0, ವರ್ಜೀನಿಯಾ 47–0, ಒಹಾಯೋ ಸ್ಟೇಟ್ 61–0, ಇಲಿನಾಯ್ 46–0. ಎಂಟು ಪಂದ್ಯದಲ್ಲಿ ಹೊಡೆದದ್ದು 37, ಹೊಡೆಸಿಕೊಂಡದ್ದು 308. ಮಿಷಿಗನ್‌ನ 85 ಬಂದದ್ದು ಸ್ಟ್ಯಾಗ್ ಮೈದಾನದಲ್ಲೇ. 1905ರಲ್ಲಿ 2–0 ನೋಡಿದವರು ಯಾರಾದರೂ ಆ ದಿನ ಗ್ಯಾಲರಿಯಲ್ಲಿದ್ದಿರಬಹುದು. ಅವರ ಮುಖ ಹೇಗಿತ್ತೋ.

ಆಡಿದ ಹುಡುಗರ ಬಗ್ಗೆ ಯಾರೂ ಹೆಚ್ಚು ಬರೆಯೋದಿಲ್ಲ. ಅವರು ನಿಜವಾದ ವಿದ್ಯಾರ್ಥಿಗಳು. ಬೆಳಗ್ಗೆ ಕ್ಲಾಸು, ಸಂಜೆ ಪ್ರಾಕ್ಟೀಸು, ಶನಿವಾರ ತಮಗಿಂತ ದಪ್ಪ, ತಮಗಿಂತ ಜಾಸ್ತಿ ಸಂಖ್ಯೆಯ ಆಳುಗಳ ಕೈಲಿ ಪೆಟ್ಟು. ಕಾಲೇಜು ಆಟ ಹೀಗಿರಬೇಕು ಅಂತ ಭಾಷಣಗಳಲ್ಲಿ ಹೇಳುತ್ತಾರಲ್ಲ, ಇವರು ಹಾಗೆಯೇ ಆಡಿದರು. ಅದಕ್ಕೆ ಸಿಕ್ಕ ಬಹುಮಾನ 85–0.

ಕೋಚ್ ಕೈಲಾಗದವರು ಅನ್ನೋಣವೇ? ಕ್ಲಾರ್ಕ್ ಶಾನೆಸ್ಸಿ ಮರುವರ್ಷ ಸ್ಟ್ಯಾನ್‌ಫರ್ಡ್‌ಗೆ ಹೋದರು. ಆ ಟೀಮ್ 1940ರ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ, 1941ರ ಹೊಸ ವರ್ಷದ ದಿನ ರೋಸ್ ಬೌಲ್ ಎಂಬ ದೊಡ್ಡ ಪಂದ್ಯವನ್ನೂ ಗೆದ್ದಿತು.

1939ರ ಡಿಸೆಂಬರ್ 21ರಂದು ಟ್ರಸ್ಟಿಗಳ ಮಂಡಳಿ ಫುಟ್‌ಬಾಲ್ ಕೈಬಿಡುವ ತೀರ್ಮಾನ ಮಾಡಿತು. ಕ್ರಿಸ್‌ಮಸ್ ರಜೆಯ ಹೊತ್ತು. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೂಗಾಡಿದರು. ಆದರೆ ಅಷ್ಟು ಹೊತ್ತಿಗೆ ಉಳಿದಿದ್ದಾದರೂ ಏನು? ದುಡ್ಡು ಸುರಿದು ಬೇರೆಯವರ ಹಾಗೆ ಆಟಗಾರರನ್ನು ತರಬೇಕು, ಇಲ್ಲ ಕೂಟ ಬಿಟ್ಟು ಚಿಕ್ಕ ಕಾಲೇಜುಗಳ ಜೊತೆ ಚಿಕ್ಕದಾಗಿ ಆಡಿಕೊಂಡಿರಬೇಕು. ಮೊದಲನೆಯದಕ್ಕೆ ಮನಸ್ಸಿಲ್ಲ. ಎರಡನೆಯದಕ್ಕೆ ಮರ್ಯಾದೆ ಅಡ್ಡ. ಆ ಎರಡನೆಯ ದಾರಿಯನ್ನು 1933ರಲ್ಲೇ ಹಿಡಿದಿದ್ದರೆ ಅನ್ನೋದು ನನ್ನ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಬಿಗ್ ಟೆನ್ ಕೂಟದಿಂದ ವಿಶ್ವವಿದ್ಯಾಲಯ ಪೂರ್ತಿ ಹೊರಬಂದದ್ದು 1946ರಲ್ಲಿ. ವಿಶ್ವವಿದ್ಯಾಲಯದ ಟೀಮಿಗಿದ್ದ 'ಮಿಡ್‌ವೇಯ ರಾಕ್ಷಸರು' ಅನ್ನೋ ಅಡ್ಡಹೆಸರು ಬೇರ್ಸ್ ಪಾಲಾಯಿತು. ಈಗ ಆ ಹೆಸರು ಅವರದ್ದೇ ಅಂತ ಎಲ್ಲರ ನಂಬಿಕೆ.

ಬಾಂಬಿನ ವಿಷಯಕ್ಕೆ ಬರೋಣ. ಭೌತವಿಜ್ಞಾನಿ ಎನ್ರಿಕೊ ಫರ್ಮಿ ಅವರ ತಂಡ 1942ರ ಡಿಸೆಂಬರ್ 2ರ ಮಧ್ಯಾಹ್ನ ಮೊದಲ ನಿಯಂತ್ರಿತ ಅಣು ಸರಪಳಿ ಕ್ರಿಯೆ ನಡೆಸಿದ್ದು ಪಶ್ಚಿಮದ ಗ್ಯಾಲರಿಯ ಕೆಳಗೆ, ಹೌದು. ಆದರೆ ಅಲ್ಲಿ ಆದದ್ದು ಪ್ರಯೋಗ, ಬಾಂಬ್ ಅಲ್ಲ. ಮೊದಲು ಗೊತ್ತುಮಾಡಿದ್ದ ಜಾಗವೂ ಅದಲ್ಲ. ಊರಾಚೆ ಆರ್ಗಾನ್ ಕಾಡಿನಲ್ಲಿ ಕಟ್ಟಡ ಏಳಬೇಕಿತ್ತು. ಕೆಲಸಗಾರರ ಮುಷ್ಕರದಿಂದ ತಡವಾಗಿ, ಗ್ಯಾಲರಿ ಕೆಳಗಿನ ಸ್ಕ್ವಾಷ್ ಅಂಕಣದಲ್ಲಿ ಗ್ರಾಫೈಟ್ ಇಟ್ಟಿಗೆ ಪೇರಿಸಿದರು. ಕೆಲಸ ಮುಗಿದ ಮೇಲೆ ಒಂದು ಬಾಟಲಿ ಕಿಯಾಂತಿ ವೈನನ್ನು ಕಾಗದದ ಲೋಟಗಳಲ್ಲಿ ಸದ್ದಿಲ್ಲದೆ ಹಂಚಿಕೊಂಡರು. ಈ ಸ್ಕ್ವಾಷ್ ಅನ್ನೋದನ್ನು ರಷ್ಯದವರು ಕುಂಬಳಕಾಯಿ ಅಂತ ಅನುವಾದ ಮಾಡಿಕೊಂಡರು, ಹಾಗಾಗಿ ಪ್ರಯೋಗ ಕುಂಬಳಕಾಯಿ ತೋಟದಲ್ಲಿ ನಡೆಯಿತು ಅಂದುಕೊಂಡರು ಅಂತ ಒಂದು ಕತೆ ಓಡಾಡುತ್ತದೆ. ನಿಜವೋ ಸುಳ್ಳೋ, ನಗು ಬರುತ್ತದೆ ಅಲ್ವಾ. ವಾರವಾರ 50 ಸಾವಿರ ಜನ ಬರುವ ಮೈದಾನ ಆಗಿದ್ದಿದ್ದರೆ ಅಲ್ಲಿ ಗುಟ್ಟು ಇಡುವುದು ಕಷ್ಟವಿತ್ತು ಅನ್ನೋದಷ್ಟೇ ಫುಟ್‌ಬಾಲ್‌ಗೂ ಅಣುವಿಗೂ ಇರುವ ನಂಟು.

ಆಟ ವಾಪಸ್ ಬಂದದ್ದೂ ನೇರವಾಗಿ ಅಲ್ಲ. 1963ರಲ್ಲಿ ಹಳೆಯ ಮೈದಾನದಲ್ಲಿ ನಾರ್ತ್ ಸೆಂಟ್ರಲ್ ಕಾಲೇಜಿನ ಜೊತೆ ಒಂದು ಅಭ್ಯಾಸ ಪಂದ್ಯ ಇಟ್ಟಾಗ ವಿದ್ಯಾರ್ಥಿಗಳೇ ಮೈದಾನದ ನಡುವೆ ಹೋಗಿ ಕೂತರು. ಫುಟ್‌ಬಾಲ್ ಬೇಡ ಅಂತ! ಅವರನ್ನು ಎಬ್ಬಿಸಲು ಪೊಲೀಸರು ಬಂದರು. 1969ರಲ್ಲಿ ಕೊನೆಗೂ ಅಧಿಕೃತ ಟೀಮ್ ಮರಳಿತು, ಆಡಿದ್ದು ಕೆಲವು ಬೀದಿ ಆಚೆ, ಹೊಸ ಸ್ಟ್ಯಾಗ್ ಮೈದಾನದಲ್ಲಿ. ಈಗ ಅವರು ಆಡುವುದು ಮೂರನೇ ದರ್ಜೆಯಲ್ಲಿ, ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲದ ಕಡೆ. ಅಂದರೆ 1939ರಲ್ಲಿ ಬೇಡ ಅನ್ನಿಸಿದ ಅದೇ ಚಿಕ್ಕ ದಾರಿ. ಬರ್ವ್ಯಾಂಗರ್ ಅವರ ಟ್ರೋಫಿಯೂ ಕ್ಯಾಂಪಸ್ಸಿನ ಕ್ರೀಡಾ ಕೇಂದ್ರಕ್ಕೆ ಬಂದು ಗಾಜಿನೊಳಗೆ ಕೂತಿದೆ.

ಹಳೆಯ ಮೈದಾನದ ಗ್ಯಾಲರಿಯನ್ನು 1957ರಲ್ಲೇ ಕೆಡವಿದ್ದರು. ಆ ನೆಲದ ಮೇಲೆ ರೀಗನ್‌ಸ್ಟೈನ್ ಲೈಬ್ರರಿ ಎದ್ದು, 1970ರಲ್ಲಿ ಬಾಗಿಲು ತೆರೆಯಿತು. ನಮ್ಮ ಎ.ಕೆ. ರಾಮಾನುಜನ್ ಆಗ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ಅವರ ಮೊದಲ ಕನ್ನಡ ಕವನ ಸಂಕಲನ ಬಂದದ್ದು ಫುಟ್‌ಬಾಲ್ ಮರಳಿದ 1969ರಲ್ಲೇ. ಆ ಕಾಲಕ್ಕೆ ಅಮೆರಿಕ ನಮಗೆ ಪಿಎಲ್ 480 ಅನ್ನೋ ತನ್ನ ಕಾನೂನಿನಡಿ ಗೋಧಿ ಮಾರಿ ಬಂದ ರೂಪಾಯಿಗಳಲ್ಲಿ ಒಂದು ಪಾಲಿನಿಂದ ಭಾರತದ ಪುಸ್ತಕಗಳನ್ನು ಕೊಂಡು ತನ್ನ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಿತ್ತು. ಹೀಗೆ ಬಂದ ಕನ್ನಡ ಪುಸ್ತಕಗಳೂ ಆ ಲೈಬ್ರರಿಯ ಕಪಾಟು ಸೇರಿದವು, ಮಿಷಿಗನ್‌ನವರು 85 ಅಂಕ ಹೊಡೆದ ಜಾಗದ ಮೇಲೆ.