31ನೇ ತಾರೀಖು ಮಾರಿ, 1ನೇ ತಾರೀಖು ಕೊಳ್ಳಿ

2025ರ ಅಕ್ಟೋಬರ್ 31, ಶುಕ್ರವಾರ. ಮಧ್ಯಾಹ್ನ ಮೂರರ ಹೊತ್ತಿಗೆ ಫೋನ್ ಬಂತು. ಹಾಸನದ ಕಡೆಯವರು, ಬ್ರಿಟನ್ನಿನ ರೆಡಿಂಗ್‌ನಲ್ಲಿ ಐಟಿ ಕೆಲಸ. ಮುಂದಿನ ವಾರ ಮನೆ ಖಾಲಿ ಮಾಡಿ ಬೆಂಗಳೂರಿಗೆ ವಾಪಸ್.

“ಸರ್, ಕಾರು ಕೊಟ್ಟಾಯ್ತು. ದುಡ್ಡೂ ಬಂತು. ಲಾಗ್ ಬುಕ್ ಪೋಸ್ಟ್‌ಗೆ ಹಾಕೋಕೆ ಹೊರಟಿದ್ದೀನಿ. ಯಾವ ಸ್ಟಾಂಪ್ ಹಚ್ಚಲಿ?”

“ಸ್ಟಾಂಪೇ ಬೇಡಮ್ಮ. ಲಕೋಟೆ ಒಡೀರಿ, ಲ್ಯಾಪ್‌ಟಾಪ್ ತೆಗೀರಿ” ಎಂದೆ.

ಲಾಗ್ ಬುಕ್ ಅಂದರೆ ನಮ್ಮ ಆರ್‌ಸಿ ಇದ್ದಂತೆ, ಕಾರು ಮಾರಿದ್ದನ್ನು ಸರ್ಕಾರಕ್ಕೆ ತಿಳಿಸಲು ಕಳಿಸುವುದು. ಆ ಲಕೋಟೆ ಪೋಸ್ಟ್ ಡಬ್ಬಕ್ಕೆ ಬಿದ್ದಿದ್ದರೆ ಅವರಿಗೆ ವಾಪಸ್ ಬರಬೇಕಿದ್ದ ಕಾರಿನ ಟ್ಯಾಕ್ಸ್‌ನಲ್ಲಿ 51 ಪೌಂಡ್ ಹೋಗುತ್ತಿತ್ತು. ಯಾಕೆ ಅಂತ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಹಳೆ ಕಾರು ಮಾರುವುದೇ ನನ್ನ ಕಸುಬು. ಇಲ್ಲಿನ ನಮ್ಮವರು ಇದರಲ್ಲಿ ದುಡ್ಡು ಕಳೆದುಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ನಮ್ಮ ತಲೆಯಲ್ಲಿ ಕೂತಿರುವುದು ಊರಿನ ಲೆಕ್ಕ. ಕರ್ನಾಟಕದಲ್ಲಿ ಕಾರು ತಗೊಂಡಾಗ ಒಂದೇ ಸಲ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟುತ್ತೇವೆ. ರಾಜ್ಯದೊಳಗೇ ಮಾರಿದರೆ ಆರ್‌ಸಿಯಲ್ಲಿ ಹೆಸರು ಬದಲಾಗುತ್ತದೆ, ಟ್ಯಾಕ್ಸ್ ಕಾರಿನ ಜೊತೆಗೇ ಹೋಗುತ್ತದೆ. ಇಲ್ಲೂ ಮೊದಲು ಹೆಚ್ಚುಕಮ್ಮಿ ಹಾಗೇ ಇತ್ತು. 1921ರಿಂದ ಗಾಜಿನ ಮೇಲೆ ದುಂಡನೆಯ ಕಾಗದದ ಟ್ಯಾಕ್ಸ್ ಡಿಸ್ಕ್ ಅಂಟಿಸುತ್ತಿದ್ದರು. ಉಳಿದ ತಿಂಗಳುಗಳ ಸಮೇತ ಕಾರು ಕೈ ಬದಲಾಯಿಸುತ್ತಿತ್ತು. 2014ರ ಅಕ್ಟೋಬರ್ 1ರಂದು ಆ ಡಿಸ್ಕೂ ಹೋಯಿತು, ಆ ಪದ್ಧತಿಯೂ ಹೋಯಿತು. ಈಗ ಟ್ಯಾಕ್ಸ್ ಅಂಟಿಕೊಂಡಿರುವುದು ಕಾರಿಗಲ್ಲ, ಕೀಪರ್‌ಗೆ. ಅಂದರೆ ಲಾಗ್ ಬುಕ್‌ನಲ್ಲಿ ಹೆಸರಿರುವವರಿಗೆ. ಕೀಪರ್ ಬದಲಾದ ಕೂಡಲೇ ಹಳೆಯ ಟ್ಯಾಕ್ಸ್ ರದ್ದು. ಗಂಡನ ಹೆಸರಿನಿಂದ ಹೆಂಡತಿ ಹೆಸರಿಗೆ ಹೋದರೂ ಅಷ್ಟೇ. ಅದೇ ಮನೆ, ಅದೇ ಪಾರ್ಕಿಂಗ್ ಜಾಗ, ಆದರೆ ಟ್ಯಾಕ್ಸ್ ಮತ್ತೆ ಹೊಸದಾಗಿ ಕಟ್ಟಬೇಕು. “ಆರು ತಿಂಗಳ ಟ್ಯಾಕ್ಸ್ ಇದೆ” ಅಂತ ಈಗಲೂ ಕೆಲವರು ಜಾಹೀರಾತು ಹಾಕುತ್ತಾರೆ. ಕೊಳ್ಳುವವರಿಗೆ ಅದರಿಂದ ಒಂದು ಪೆನ್ನಿಯೂ ಸಿಗುವುದಿಲ್ಲ. ಎಂಒಟಿ, ಅಂದರೆ ಕಾರು ಓಡಿಸಲು ಯೋಗ್ಯ ಎನ್ನುವ ತಪಾಸಣೆಯ ಸರ್ಟಿಫಿಕೇಟ್ ಮಾತ್ರ ಕಾರಿನ ಜೊತೆ ಬರುತ್ತದೆ.

ದುಡ್ಡು ಸೋರುವುದು ಇಲ್ಲಿ. ಮಾರಿದವರಿಗೆ ವಾಪಸ್ ಸಿಗುವುದು ಉಳಿದಿರುವ ಪೂರ್ತಿ ತಿಂಗಳುಗಳದ್ದು ಮಾತ್ರ. ನಡೆಯುತ್ತಿರುವ ತಿಂಗಳು ಹೋಯಿತು ಅಂತಲೇ ಲೆಕ್ಕ. ಕೊಂಡವರಾದರೋ ಕೊಂಡ ತಿಂಗಳ 1ನೇ ತಾರೀಖಿನಿಂದಲೇ ಕಟ್ಟಬೇಕು. 20ಕ್ಕೆ ಕಾರು ಕೈ ಬದಲಾದರೆ ಆ ಒಂದು ತಿಂಗಳಿಗೆ ಇಬ್ಬರೂ ಕಟ್ಟಿದಂತಾಯಿತು. ಒಂದೇ ಕಾರಿಗೆ ಸರ್ಕಾರಕ್ಕೆ ಎರಡು ಸಲ ದುಡ್ಡು. ಅನ್ಯಾಯ ಅಂತ ನನಗೂ ಅನ್ನಿಸುತ್ತದೆ, ಆದರೆ ನಿಯಮ ಇರುವುದೇ ಹಾಗೆ.

ಹಾಗಾಗಿ ಮಾರುವವರಿಗೆ ತಿಂಗಳ ಕೊನೆಯ ದಿನ ಒಳ್ಳೆಯದು, ಕೊಳ್ಳುವವರಿಗೆ 1ನೇ ತಾರೀಖು.

ಹಾಸನದ ಹೆಂಗಸಿನ ಲೆಕ್ಕಕ್ಕೆ ಬರೋಣ. ಅವರದು ಹೈಬ್ರಿಡ್ ಕಾರು, 2021ರಲ್ಲಿ ಮೊದಲು ನೋಂದಣಿಯಾದದ್ದು. ಹೊಸದಾಗಿದ್ದಾಗ ಅದರ ಪಟ್ಟಿ ಬೆಲೆ 40,000 ಪೌಂಡ್ ದಾಟಿತ್ತು. 2025ರ ಏಪ್ರಿಲ್‌ನ ದರದಲ್ಲಿ ಮಾಮೂಲು ಟ್ಯಾಕ್ಸ್ ವರ್ಷಕ್ಕೆ 195 ಪೌಂಡ್. ದುಬಾರಿ ಕಾರು ಅಂತ ಮೇಲೆ ಇನ್ನೊಂದು 425. ಒಟ್ಟು 620. ತಿಂಗಳಿಗೆ 51 ಪೌಂಡ್ 67 ಪೆನ್ಸ್. ಏಪ್ರಿಲ್‌ನಲ್ಲೇ ಪೂರ್ತಿ ವರ್ಷದ್ದು ಕಟ್ಟಿದ್ದರು. ಅಕ್ಟೋಬರ್ 31ಕ್ಕೆ ತಿಳಿಸಿದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಐದು ತಿಂಗಳದ್ದು, 258 ಪೌಂಡ್ ಚಿಲ್ಲರೆ ವಾಪಸ್. ಆದರೆ ಲೆಕ್ಕಕ್ಕೆ ಬರುವುದು ನೀವು ಕಾರು ಮಾರಿದ ದಿನವಲ್ಲ, ಸ್ವಾನ್ಸಿಯ ಡಿವಿಎಲ್‌ಎಗೆ, ಅಂದರೆ ಇಲ್ಲಿನ ವಾಹನ ನೋಂದಣಿ ಇಲಾಖೆಗೆ ಸುದ್ದಿ ಮುಟ್ಟಿದ ದಿನ. ಶುಕ್ರವಾರ ಮಧ್ಯಾಹ್ನ ಪೋಸ್ಟ್‌ಗೆ ಹಾಕಿದ್ದು ಬೇಗ ಅಂದರೂ ನವೆಂಬರ್‌ನಲ್ಲೇ ಹೋಗಿ ಸೇರಬೇಕು. ಅಷ್ಟರಲ್ಲಿ ನವೆಂಬರ್ ಕೈಬಿಟ್ಟಿರುತ್ತಿತ್ತು.

ಫೋನ್ ಇಡದೆ ಕೂರಿಸಿಕೊಂಡು ಮಾಡಿಸಿದೆ. ಸರ್ಕಾರದ ಜಾಲತಾಣಕ್ಕೇ ನೇರ ಹೋಗಬೇಕು. ಹುಡುಕಿದರೆ ಮೇಲುಗಡೆ ಬೇರೆ ಯಾರ್ಯಾರೋ ಬರುತ್ತಾರೆ, ಸುಮ್ನೆ ಫೀಸು ಕೀಳುತ್ತಾರೆ. ಲಾಗ್ ಬುಕ್‌ನಲ್ಲಿರುವ 11 ಅಂಕಿಯ ನಂಬರ್, ಕೊಂಡವರ ಹೆಸರು, ವಿಳಾಸ, ಇಮೇಲ್ ಕೊಡಬೇಕು. ಹತ್ತು ನಿಮಿಷವೂ ಆಗಲಿಲ್ಲ. ಲಾಗ್ ಬುಕ್‌ನಲ್ಲಿ ಹೊಸ ಕೀಪರ್‌ಗೆಂದೇ ಇರುವ ಹಸಿರು ಚೀಟಿಯನ್ನು ಕೊಂಡವರ ಕೈಗೆ ಮೊದಲೇ ಕೊಟ್ಟಿದ್ದರು. ಉಳಿದ ಲಾಗ್ ಬುಕ್ ಹರಿದು ಹಾಕಿ ಎಂದೆ. “ನಿಜವಾಗ್ಲೂ ಹರೀಲಾ ಸರ್?” ಅಂತ ಎರಡು ಸಲ ಕೇಳಿದರು. ಸರ್ಕಾರಿ ಕಾಗದ ಹರಿಯೋಕೆ ನಮ್ಮ ಕೈ ಬರೋದಿಲ್ಲ, ಅಲ್ವಾ?

ಕಾರು ಕೊಂಡ ಹುಡುಗ ಮಾತ್ರ ಪೆಟ್ಟು ತಿಂದ. ಆ ಹಸಿರು ಚೀಟಿಯ 12 ಅಂಕಿಯ ನಂಬರ್ ಹಾಕಿ ಟ್ಯಾಕ್ಸ್ ಕಟ್ಟಿಯೇ ಅವನು ಕಾರು ರಸ್ತೆಗೆ ಇಳಿಸಬೇಕಿತ್ತು. ಅಕ್ಟೋಬರ್‌ನ ಒಂದೇ ಒಂದು ದಿನಕ್ಕೆ 51 ಪೌಂಡ್ ಕೊಟ್ಟ. ಮರುದಿನ ಬೆಳಗ್ಗೆ ಬಂದಿದ್ದರೆ ಅವನಿಗೆ ಉಳಿಯುತ್ತಿತ್ತು, ಇವರಿಗೆ ಹೋಗುತ್ತಿತ್ತು. ಇಬ್ಬರಿಗೂ ಉಳಿಯುವ ದಾರಿ ನೇರ ಮಾರಾಟದಲ್ಲಿ ಕಷ್ಟ. ಆದ್ದರಿಂದ ಚೌಕಾಸಿ ಮಾಡುವಾಗಲೇ ಮಾತು ಎತ್ತಿ. “31ಕ್ಕೆ ಬರ್ತೀನಿ, 25 ಪೌಂಡ್ ಬಿಡಿ” ಅಂದರೆ ತಿಳಿದವರು ಬಿಡುತ್ತಾರೆ. ಬಿಡದಿದ್ದರೆ 1ನೇ ತಾರೀಖು ಹೋಗಿ. ಡೀಲರ್ ಹತ್ತಿರ ಈ ತಾಪತ್ರಯ ಕಡಿಮೆ. ನಾವು ಕಾರನ್ನು ಅಂಗಡಿಯ ಜಾಗದಲ್ಲೇ ಇಟ್ಟಿರುತ್ತೇವೆ, ಓಡಿಸಬೇಕಾದರೆ ಡೀಲರ್‌ಗಳಿಗೆಂದೇ ಕೊಡುವ ಕೆಂಪು ಅಕ್ಷರದ ನಂಬರ್ ಪ್ಲೇಟ್, ಟ್ರೇಡ್ ಪ್ಲೇಟ್ ಇರುತ್ತದೆ. ಮಾರುವವರು ತಿಂಗಳ ಕೊನೆಗೆ ನಮಗೆ ಕೊಡಬಹುದು, ಕೊಳ್ಳುವವರು ಮುಂದಿನ ತಿಂಗಳ ಶುರುವಿಗೆ ಒಯ್ಯಬಹುದು.

“ಇವತ್ತು ಒಯ್ತೀನಿ, ಟ್ಯಾಕ್ಸ್ ನಾಳೆ ಕಟ್ತೀನಿ” ಎನ್ನುವವರೂ ಇದ್ದಾರೆ. ಬೇಡ. ಡಿಸ್ಕ್ ನೋಡುವ ಪೊಲೀಸ್ ಹೋದ ಜಾಗದಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಬಂದಿದೆ. ಟ್ಯಾಕ್ಸ್ ಇಲ್ಲದ ಕಾರಿಗೆ 80 ಪೌಂಡ್ ದಂಡ, ಚಕ್ರಕ್ಕೆ ಬೀಗ ಬಿದ್ದರೆ ಬಿಡಿಸಲು ಇನ್ನೊಂದು 100. ಸುಳ್ಳು ತಾರೀಖು ಹಾಕುವುದಂತೂ ಬೇಡವೇ ಬೇಡ.

ಇನ್ನೊಂದು ವಿಷಯ ನನಗೆ ತಲೆನೋವು ತರಿಸುವಂಥದ್ದು. “ಇನ್ನು ಐದು ತಿಂಗಳಲ್ಲಿ ಕಾರು ಮಾರ್ತೀನಿ, ಅದಕ್ಕೇ ಆರು ತಿಂಗಳಿಗೆ ಮಾತ್ರ ಟ್ಯಾಕ್ಸ್ ಕಟ್ಟಿದೆ” ಅಂತ ಜಾಣತನ ತೋರಿಸಿದವರು ಎಷ್ಟೋ ಜನ. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ನೂರಕ್ಕೆ ಹತ್ತು ಜಾಸ್ತಿ. 195ರ ಕಾರಿಗೆ 107 ಪೌಂಡ್ 25 ಪೆನ್ಸ್. ತಿಂಗಳ ತಿಂಗಳ ಡೈರೆಕ್ಟ್ ಡೆಬಿಟ್‌ಗೆ ನೂರಕ್ಕೆ ಐದು ಜಾಸ್ತಿ. ಈ ಹೆಚ್ಚುವರಿ ಭಾಗ ವಾಪಸ್ ಬರುವುದಿಲ್ಲ. ಅದರ ಬದಲು ವರ್ಷದ್ದೇ ಕಟ್ಟಿ, ಐದನೇ ತಿಂಗಳು ಮುಗಿಯುವ ದಿನ ಮಾರಿದರೆ ಏಳು ತಿಂಗಳದ್ದು ವಾಪಸ್ ಬರುತ್ತದೆ. ಕೈಯಿಂದ ಹೋಗುವುದು 81 ಪೌಂಡ್ 25 ಪೆನ್ಸ್. ಆರು ತಿಂಗಳದ್ದು ಕಟ್ಟಿದವರಿಗೆ ಅದೇ ಐದು ತಿಂಗಳಿಗೆ 91 ಬೀಳುತ್ತದೆ. ಒಮ್ಮೆಗೆ ದುಡ್ಡು ಹೊಂದಿಸಲು ಆಗದಿದ್ದರೆ ಬೇರೆ ಮಾತು. ಹೊಂದುವುದಾದರೆ ಬೇಗ ಮಾರುವವರೂ ವರ್ಷದ್ದೇ ಕಟ್ಟಿ.

ಕೊಳ್ಳುವವರು ತಾರೀಖಿಗಿಂತ ಮೊದಲು ನೋಡಬೇಕಾದ್ದು ಆ ಕಾರಿನ ವರ್ಷದ ದರ. ಮಾಮೂಲು ಟ್ಯಾಕ್ಸ್‌ನ ಒಂದು ತಿಂಗಳ 16 ಪೌಂಡಿಗೆ ಒದ್ದಾಡಿ, ವರ್ಷಕ್ಕೆ 425 ಜಾಸ್ತಿ ಕೇಳುವ ಕಾರು ತಂದವರಿದ್ದಾರೆ. ಈ ದುಬಾರಿ ಕಾರಿನ ಟ್ಯಾಕ್ಸ್ ಎರಡನೇ ವರ್ಷದಿಂದ ಐದು ವರ್ಷ. ನೀವು ಕೊಟ್ಟ ಬೆಲೆ 18,000 ಇರಲಿ, ಲೆಕ್ಕ ಹಾಕುವುದು ಹೊಸದಾಗಿದ್ದಾಗಿನ ಪಟ್ಟಿ ಬೆಲೆಯಿಂದ. ಆರು ವರ್ಷ ದಾಟಿದ ಅದೇ ಮಾಡೆಲ್‌ಗೆ ಮಾಮೂಲು ದರ. 2001ರ ಮಾರ್ಚ್‌ನಿಂದ 2017ರ ಮಾರ್ಚ್‌ವರೆಗೆ ನೋಂದಣಿಯಾದ ಹಳೆಯ ಕಾರುಗಳಲ್ಲಿ ಹೊಗೆಯ ಕಾರ್ಬನ್ ಡೈಆಕ್ಸೈಡ್ ನೋಡಿ ದರ. ಅಲ್ಲೊಂದು ತಮಾಷೆ ಇದೆ. ದೊಡ್ಡ ಎಂಜಿನ್ನಿನ, ಕಿಲೋಮೀಟರಿಗೆ 255 ಗ್ರಾಂ ಮೀರಿದ ಕಾರು 2006ರ ಮಾರ್ಚ್ 22ಕ್ಕೆ ನೋಂದಣಿಯಾಗಿದ್ದರೆ 2025ರ ಏಪ್ರಿಲ್‌ನ ದರದಲ್ಲಿ ವರ್ಷಕ್ಕೆ 430 ಪೌಂಡ್ ಇತ್ತು. ಮರುದಿನ ಆಗಿದ್ದರೆ 760. ಪಕ್ಕಪಕ್ಕ ನಿಲ್ಲಿಸಿದರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗೋದಿಲ್ಲ. ಅದೇ 100 ಗ್ರಾಂ ದಾಟದ, 2017ರ ಏಪ್ರಿಲ್‌ಗಿಂತ ಮೊದಲಿನ ಸಣ್ಣ ಕಾರಿಗೆ ಆ ದರದಲ್ಲಿ ವರ್ಷಕ್ಕೆ ಬರೀ 20 ಪೌಂಡ್ ಇತ್ತು. ಅಂಥ ಕಾರಿಗೆ ತಿಂಗಳ ಕೊನೆ, ಮೊದಲು ಅಂತ ಕಾಯಬೇಡಿ, ಬಿಡುವಿದ್ದ ದಿನ ಹೋಗಿ ತನ್ನಿ.

ಊರಿಗೆ ವಾಪಸ್ ಹೋಗುವವರಿಗೆ ಕೊನೆಯದಾಗಿ ಚೆಕ್‌ನ ವಿಚಾರ. ರೀಫಂಡ್‌ಗೆ ಅರ್ಜಿ ಹಾಕಬೇಕಿಲ್ಲ, ತಾನಾಗಿ ಬರುತ್ತದೆ. ಡೈರೆಕ್ಟ್ ಡೆಬಿಟ್ ಕೂಡ ತಾನಾಗಿ ನಿಲ್ಲುತ್ತದೆ. ಆದರೆ ಚೆಕ್ ಹೋಗುವುದು ಲಾಗ್ ಬುಕ್‌ನಲ್ಲಿದ್ದ ಹೆಸರಿಗೆ, ಅಲ್ಲಿದ್ದ ವಿಳಾಸಕ್ಕೆ. ಬರಲು ಕೆಲವು ವಾರ ಬೇಕು. ಅಷ್ಟರಲ್ಲಿ ನೀವು ಬೆಂಗಳೂರಿನಲ್ಲಿ, ಆ ಮನೆಯಲ್ಲಿ ಬೇರೆ ಬಾಡಿಗೆದಾರರು. ಹಾಸನದವರು ರಾಯಲ್ ಮೇಲ್‌ಗೆ ದುಡ್ಡು ಕಟ್ಟಿ ತಮ್ಮ ಟಪಾಲನ್ನು ಗೆಳತಿಯ ಮನೆಗೆ ತಿರುಗಿಸಿಕೊಂಡಿದ್ದರು. ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಿಯೇ ಹೋಗಬೇಕು ಅಂತ ಹಟ ಹಿಡಿದಿದ್ದವರನ್ನು ನಾನೇ ತಡೆದೆ. ಡಿಸೆಂಬರ್‌ನಲ್ಲಿ ಗೆಳತಿ ಆ ಖಾತೆಗೆ ಚೆಕ್ ಜಮಾ ಮಾಡಿ ರಸೀದಿಯ ಫೋಟೋ ಕಳಿಸಿದರು. 258 ಪೌಂಡ್ 33 ಪೆನ್ಸ್.