ಕಾಲು ನಡೆದರೆ ತಲೆಗೇನು ಲಾಭ?

ಪ್ರಶ್ನೆ: ಅಮ್ಮನಿಗೆ 66 ವರ್ಷ. ಈಚೆಗೆ ಪರಿಚಿತರ ಹೆಸರು ಥಟ್ಟನೆ ಹೊಳೆಯುವುದಿಲ್ಲ, ಕನ್ನಡಕ ಎಲ್ಲಿಟ್ಟೆ ಎಂದು ದಿನಾ ಹುಡುಕಾಟ. ತೋರಿಸಿದಾಗ ಡಾಕ್ಟರು ವಾಕಿಂಗ್ ಮಾಡಿ ಎಂದು ಕಳಿಸಿದರು. ‘ಮರೆವಿಗೆ ಮಾತ್ರೆ ಕೇಳಿದರೆ ಕಾಲಿಗೆ ಕೆಲಸ ಹೇಳ್ತಾರಲ್ಲ, ಬೆಳಗಿನಿಂದ ಮನೆ ತುಂಬ ಓಡಾಡೋದು ಸಾಲದಾ?’ ಅಂತ ಅಮ್ಮನಿಗೆ ಸಿಟ್ಟು. ನಡೆದರೆ ನಿಜಕ್ಕೂ ನೆನಪಿನ ಶಕ್ತಿ ಹೆಚ್ಚುತ್ತದೆಯೇ?

ಉತ್ತರ: ಅಮ್ಮನ ಸಿಟ್ಟು ನ್ಯಾಯವಾದದ್ದೇ. ಡಾಕ್ಟರ ಮಾತೂ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಬಿಟ್ಟುಹೋದ ಹೆಸರುಗಳನ್ನು ವಾಕಿಂಗ್ ಹುಡುಕಿ ತಂದುಕೊಡುವುದಿಲ್ಲ. ಮಿದುಳು ಸವೆಯುವ ವೇಗವನ್ನು ಅದು ತಗ್ಗಿಸಬಹುದು, ಅದೂ ತಿಂಗಳುಗಟ್ಟಲೆ ಬಿಡದೆ ನಡೆದರೆ.

ಎರಡೂ ಕಿವಿಗಳ ನೇರಕ್ಕೆ, ತಲೆಯ ಒಳಗೆ, ಕಿರುಬೆರಳಿನಷ್ಟು ಉದ್ದದ ಬಾಗಿದ ಭಾಗವೊಂದಿದೆ. ಕಡಲಕುದುರೆಯ ಆಕಾರ ಕಂಡು ಹಿಂದಿನವರು ಅದಕ್ಕೆ ಹಿಪ್ಪೊಕ್ಯಾಂಪಸ್ ಎಂದು ಹೆಸರಿಟ್ಟರು. ಇಂದು ಕಂಡದ್ದು ನಾಳೆಗೆ ಉಳಿಯಬೇಕಾದರೆ ಇದು ನೆಟ್ಟಗಿರಬೇಕು. ವಯಸ್ಸಾದ ಮೇಲೆ ವರ್ಷಕ್ಕೆ ಶೇ 1ರಿಂದ 2ರಷ್ಟು ಕುಗ್ಗುವುದು ಇದರ ಸ್ವಭಾವ.

2011ರಲ್ಲಿ ಅಮೆರಿಕದ ಸಂಶೋಧಕರು 55ರಿಂದ 80 ವಯಸ್ಸಿನ 120 ಮಂದಿಯ ಮೇಲೆ ನಡೆಸಿದ ಒಂದು ವರ್ಷದ ಪ್ರಯೋಗ ಪ್ರಕಟವಾಯಿತು. ಅವರಿಗೆ ವ್ಯಾಯಾಮದ ಅಭ್ಯಾಸ ಇರಲಿಲ್ಲ. ಅರ್ಧ ಜನ ವಾರಕ್ಕೆ ಮೂರು ದಿನ ನಲವತ್ತು ನಿಮಿಷ ನಡೆದರು, ಉಳಿದರ್ಧ ಜನ ಮೈ ಸಡಿಲಿಸುವ, ಸಮತೋಲನದ ಹಗುರ ಕಸರತ್ತು ಮಾಡಿದರು. ವರ್ಷದ ಕೊನೆಗೆ ಸ್ಕ್ಯಾನ್ ನೋಡಿದರೆ, ನಡೆದವರ ಹಿಪ್ಪೊಕ್ಯಾಂಪಸ್ ಸುಮಾರು ಶೇ 2ರಷ್ಟು ದೊಡ್ಡದಾಗಿತ್ತು, ಇನ್ನೊಂದು ಗುಂಪಿನದು ಶೇ 1.4ರಷ್ಟು ಕುಗ್ಗಿತ್ತು. ಒಂದೆರಡು ವರ್ಷದ ಸವೆತ ವಾಪಸ್ ಬಂದಂತೆ!

ಸುದ್ದಿಯಾಗಿ ಹರಡಿದ್ದು ಇಷ್ಟು. ಅದೇ ಪ್ರಬಂಧದ ಇನ್ನೊಂದು ಸಾಲನ್ನು ಹೆಚ್ಚು ಜನ ಓದಿದಂತಿಲ್ಲ. ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪಿನವರು ಸ್ವಲ್ಪ ಸುಧಾರಿಸಿದ್ದರು, ನಡೆದ ಗುಂಪು ಒಟ್ಟಾರೆಯಾಗಿ ಮುಂದೆ ಹೋಗಿರಲಿಲ್ಲ. ಹಿಪ್ಪೊಕ್ಯಾಂಪಸ್ ಹೆಚ್ಚು ಬೆಳೆದವರಲ್ಲಿ ನೆನಪೂ ಹೆಚ್ಚು ಸುಧಾರಿಸಿತ್ತು ಎಂಬುದೊಂದೇ ಸಮಾಧಾನ.

ನಿಮ್ಮ ಅಮ್ಮನಂಥವರ ಮೇಲೆಯೇ ನಡೆದ ಪ್ರಯೋಗವೂ ಒಂದಿದೆ. 65ರಿಂದ 84 ವಯಸ್ಸಿನ, ಮರೆವು ಹೆಚ್ಚಾಗಿದೆ ಎಂದು ತಾವೇ ಹೇಳಿಕೊಂಡ, ಆದರೆ ಡಿಮೆನ್ಶಿಯ (ದಿನನಿತ್ಯದ ಬದುಕನ್ನೇ ಕೆಡಿಸುವಷ್ಟು ಮರೆವು ತರುವ ಕಾಯಿಲೆ) ಇಲ್ಲದ 585 ಅಮೆರಿಕನ್ನರು ಅದರಲ್ಲಿದ್ದರು. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಧ್ಯಾನ, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಬರೀ ಆರೋಗ್ಯದ ಪಾಠ. 2022ರಲ್ಲಿ ಫಲಿತಾಂಶ ಬಂತು: ಹದಿನೆಂಟು ತಿಂಗಳು ಕಳೆದರೂ ನೆನಪಿನ ಪರೀಕ್ಷೆಯಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ‘ನಡೆದರೆ ಮರೆವು ಮಾಯ’ ಎಂದು ಫಾರ್ವರ್ಡ್ ಮಾಡುವವರಿಗೆ ಇದು ರುಚಿಸದು.

ಹಾಗಾದರೆ ನಡೆಯುವುದೇಕೆ? ಮಿದುಳಿನ ತೂಕ ಮೈತೂಕದ ಶೇ 2ರಷ್ಟು, ಅದು ಉರಿಸುವ ಶಕ್ತಿ ಮಾತ್ರ ಶೇ 20ರಷ್ಟು. ಇಷ್ಟು ಹಸಿವಿನ ಅಂಗಕ್ಕೆ ಊಟ ಮುಟ್ಟಿಸುವುದು ಕೂದಲಿಗಿಂತ ಸಣ್ಣ ರಕ್ತನಾಳಗಳು. ಬಿಪಿ, ಸಕ್ಕರೆ ಕಾಯಿಲೆಗಳು ಸದ್ದಿಲ್ಲದೆ ಕೆಡಿಸುವುದು ಇವನ್ನೇ. ನಡಿಗೆ ಬಿಪಿ ಇಳಿಸುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುತ್ತದೆ, ನಿದ್ದೆ ಕೂಡಿಸುತ್ತದೆ. ನನ್ನ ಲೆಕ್ಕದಲ್ಲಿ ವಾಕಿಂಗ್ ಮಿದುಳಿಗೆ ಮಾಡುವ ಉಪಕಾರದ ದೊಡ್ಡ ಪಾಲು ಈ ಹಿಂಬಾಗಿಲಿನಿಂದಲೇ ಬರುತ್ತದೆ.

ಮುಂಬಾಗಿಲೂ ಇದೆ. ನರಕೋಶಗಳನ್ನು ಪೋಷಿಸುವ ಬಿಡಿಎನ್ಎಫ್ ಎಂಬ ಪ್ರೋಟೀನನ್ನು 1982ರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ವ್ಯಾಯಾಮ ಮಾಡಿದಾಗ ಇದರ ಪ್ರಮಾಣ ಏರುತ್ತದೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ, ಚಕ್ರದಲ್ಲಿ ಓಡಿದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹೆಚ್ಚು ಹುಟ್ಟಿದ್ದು ಕಂಡುಬಂತು. ಬೆಳೆದ ಮನುಷ್ಯರಲ್ಲೂ ಹಾಗೆ ಹುಟ್ಟುತ್ತವೆಯೇ ಎಂಬುದಕ್ಕೆ 2018ರಲ್ಲಿ ಎರಡು ತಂಡಗಳು ಒಂದಕ್ಕೊಂದು ಪೂರ್ತಿ ವಿರುದ್ಧವಾದ ಉತ್ತರ ಕೊಟ್ಟವು. ಆ ಜಗಳ ಇನ್ನೂ ಮುಗಿದಿಲ್ಲ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ 2024ರ ವರದಿಯಲ್ಲಿ ಡಿಮೆನ್ಶಿಯಕ್ಕೆ ಎಡೆಮಾಡುವ, ನಾವು ತಿದ್ದಿಕೊಳ್ಳಬಹುದಾದ 14 ಅಂಶಗಳಿವೆ. ಅವನ್ನೆಲ್ಲ ಸರಿಪಡಿಸಿದರೆ ಸುಮಾರು ಶೇ 45 ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎನ್ನುತ್ತದೆ ಅದು. ಮೈ ಅಲುಗಿಸದಿರುವುದು ಅದರಲ್ಲೊಂದು. ಬಿಪಿ, ಮಧುಮೇಹ, ಬೊಜ್ಜು, ಖಿನ್ನತೆ ಕೂಡ ಆ ಪಟ್ಟಿಯಲ್ಲಿವೆ, ಮತ್ತು ಇವೆಲ್ಲಕ್ಕೂ ನಡಿಗೆ ಸ್ವಲ್ಪ ಸ್ವಲ್ಪ ಒದಗುತ್ತದೆ. ಇಲ್ಲೂ ಒಂದು ಕೊಕ್ಕೆ ಇದೆ. ಲಂಡನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ಡಿಮೆನ್ಶಿಯ ಬಂದವರ ಓಡಾಟ ಕಾಯಿಲೆ ಪತ್ತೆಯಾಗುವ ಒಂಬತ್ತು ವರ್ಷ ಮೊದಲೇ ಇಳಿಯತೊಡಗಿತ್ತು. ನಡೆಯದ್ದಕ್ಕೆ ಕಾಯಿಲೆಯೋ, ಕಾಯಿಲೆಯಿಂದಾಗಿ ನಡೆಯಲಾಗದ್ದೋ, ಬಿಡಿಸಿ ಹೇಳುವುದು ಕಷ್ಟ. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಕೈಗೆತ್ತಿಕೊಂಡಿದೆ. ಹೊಲದಲ್ಲಿ ದುಡಿಯುವ ನಮ್ಮ ಜನರ ಮಿದುಳಿಗೆ ಲಂಡನ್ನಿನ ಗುಮಾಸ್ತರ ಲೆಕ್ಕ ಹೊಂದುತ್ತದೋ ಇಲ್ಲವೋ ಎಂಬುದಕ್ಕೆ ಇಂಥ ಕೆಲಸವೇ ಬೇಕು.

ಇನ್ನು ಮನೆಗೆಲಸದ ವಾದ. ಅದರಲ್ಲಿ ಅಮ್ಮ ಅರ್ಧ ಗೆದ್ದಿದ್ದಾರೆ. ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೈಬಿಟ್ಟಿತು. ಬಗ್ಗಿ ನೆಲ ಒರೆಸುವುದು, ಬಟ್ಟೆ ಒಗೆಯುವುದು, ಅಂಗಳ ಗುಡಿಸುವುದು, ಎಲ್ಲವೂ ಸೇರುತ್ತದೆ, ಉಸಿರು ಚುರುಕಾದರೆ. ಒಲೆಯಿಂದ ಫ್ರಿಜ್ಜಿಗೆ, ಫ್ರಿಜ್ಜಿಂದ ಸಿಂಕಿಗೆ ದಿನಕ್ಕೆ ನೂರು ಸಲ ಓಡಾಡಿದರೆ ಕಾಲು ನೋಯುತ್ತದೆ, ಎದೆಬಡಿತ ಏರುವುದಿಲ್ಲ. ಅಳತೆಗೋಲು ಸುಲಭದ್ದು: ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಗುಂಪುಗುಂಪಾಗಿ ರಾಜಕೀಯ ಚರ್ಚಿಸುತ್ತ ಒಂದು ಸುತ್ತು ಹಾಕಿ ದೋಸೆಗೆ ಹೊರಡುವವರಲ್ಲಿ ಎಷ್ಟು ಮಂದಿ ಈ ಪರೀಕ್ಷೆ ಪಾಸಾಗುತ್ತಾರೋ, ನನಗೆ ಅನುಮಾನ. ಮಾತಾಡಲು ಆಗುವ, ಹಾಡಲು ಆಗದ ವೇಗದ ನಡಿಗೆ ವಾರಕ್ಕೆ ಒಟ್ಟು 150 ನಿಮಿಷವಾದರೂ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 65 ದಾಟಿದವರಿಗೆ ಬೀಳದಂತೆ ನೋಡಿಕೊಳ್ಳುವ ಸಮತೋಲನದ ಅಭ್ಯಾಸವೂ ಬೇಕು.

ವಾಕಿಂಗ್ ಎಂದಷ್ಟೇ ಹೇಳಿ ಕಳಿಸಿದ ಡಾಕ್ಟರ ಮೇಲೆ ನನ್ನದೂ ಒಂದು ತಕರಾರು. ಮರೆವು ಎಂದು ಬಂದವರಿಗೆ ವಿಟಮಿನ್ ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಆಗಬೇಕು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಬಹಳ ಸಾಮಾನ್ಯ, ಮತ್ತು ಅದರಿಂದ ಬಂದ ಮರೆವಿಗೆ ನಿಜಕ್ಕೂ ಮಾತ್ರೆ, ಇಂಜೆಕ್ಷನ್ ಇವೆ. ಕಿವಿಯನ್ನೂ ತೋರಿಸಿ. ಸರಿಯಾಗಿ ಕೇಳಿಸದ ಹೆಸರು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಸಾರಿಗೆ ಉಪ್ಪು ಹಾಕಲು ಮರೆತರೆ ಗಾಬರಿ ಬೇಡ. ನಲವತ್ತು ವರ್ಷ ಮಾಡಿದ ಸಾರು ಹೇಗೆ ಮಾಡುವುದೆಂದೇ ತಿಳಿಯದೆ ನಿಂತರೆ, ದಿನಾ ಹೋಗುವ ಅಂಗಡಿಯಿಂದ ಮನೆಗೆ ದಾರಿ ತಪ್ಪಿದರೆ, ನರರೋಗ ತಜ್ಞರ ಬಳಿ ಹೋಗಲು ತಡಮಾಡಬೇಡಿ.

ರಿಪೋರ್ಟು ಸರಿಯಿದ್ದರೆ 2011ರ ಪ್ರಯೋಗದಲ್ಲಿ ನಡೆದ ಗುಂಪಿನವರು ಮಾಡಿದ್ದನ್ನೇ ಮಾಡಿ. ಅವರೂ ಮೊದಲ ದಿನವೇ ನಲವತ್ತು ನಿಮಿಷ ನಡೆದವರಲ್ಲ. ಮೊದಲ ವಾರ ಹತ್ತು ನಿಮಿಷ, ಆಮೇಲೆ ವಾರಕ್ಕೆ ಐದೈದು ನಿಮಿಷ ಹೆಚ್ಚಿಸುತ್ತ ಏಳನೇ ವಾರಕ್ಕೆ ನಲವತ್ತು ಮುಟ್ಟಿದರು. ಫುಟ್‌ಪಾತ್ ನಂಬುವಂತಿಲ್ಲದಿದ್ದರೆ ಟೆರೇಸೂ ಆಗುತ್ತದೆ. ಮೊದಲ ಕೆಲವು ವಾರ ನೀವೂ ಜೊತೆಗೆ ಹೋಗಿ, ಆ ಹೊತ್ತಿಗೆ ಕುಕ್ಕರ್ ಇಳಿಸುವ ಕೆಲಸ ಮನೆಯಲ್ಲಿ ಬೇರೆ ಯಾರಾದರೂ ವಹಿಸಿಕೊಳ್ಳಲಿ.